ನುಣ್ಣಗೆ ಸವರಿದ ಮರಳಿನಲ್ಲಿ ಎಜುಕೇಶನ್ ಹುಡುಕಿದ ಸಾಹೇಬರಿಗೆ

ಮಾನ್ಯ ಶಾಲಾ ತಪಾಸಣೆಯ ಸಾಹೇಬರೇ,

ಕಮಲಾಪುರದ ನನ್ನ ಖಾಸಗಿ ಶಾಲೆಯನ್ನು ತಾವು ಮುಚ್ಚಿಸಿ ಇಂದಿಗೆ ಏಳು ತಿಂಗಳಾಯಿತು. ಮತ್ತೆ ತೆರೆಯಲು ಅನುಮತಿ ಬೇಡಿ ಮೂರು ಅರ್ಜಿ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ. ಊರೆಲ್ಲ ಓದಿದ ಮೇಲಾದರೂ ತಮ್ಮ ಕಣ್ಣಿಗೆ ಬಿದ್ದೀತು ಎಂಬ ದುರಾಸೆ ನನ್ನದು.

ತಮ್ಮ ವರದಿಯ ನಕಲು ನನ್ನ ಮುಂದಿದೆ. ಅದು ಸರ್ಕಾರಿ ಭಾಷೆಯಾದ ಉರ್ದುವಿನಲ್ಲಿದೆ; ಉರ್ದು ಓದಬಲ್ಲೆ, ಅದರಿಂದ ತೊಂದರೆಯಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ತಾವು ಇಂಗ್ಲಿಷಿಗೆ ಏರಿದ್ದೀರಿ: ‘ಎಜುಕೇಶನ್ – ನಿಲ್’. ಹನ್ನೆರಡು ವರ್ಷದ ಕೆಲಸ ಎರಡು ಮಾತಿನಲ್ಲಿ ಮುಗಿಯಿತು. ಇಂಗ್ಲಿಷ್ ಬಾರದ ನಾನು ಬಂಡಿ ಕಟ್ಟಿಸಿಕೊಂಡು ಕಲಬುರಗಿಗೆ ಹೋಗಿ ವಕೀಲ ಲಾಲ್ ಅಹ್ಮದ್ ಸಾಹೇಬರನ್ನು ಅರ್ಥ ಕೇಳಿದೆ. ನಿಲ್ ಅಂದರೆ ಏನೂ ಇಲ್ಲ ಎಂದು ಅವರು ಥಟ್ಟನೆ ಹೇಳಿದರು. ಎಜುಕೇಶನ್ ಅಂದರೇನು ಎಂದಾಗ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಉರ್ದುವಿನಲ್ಲಿ ತಾಲೀಮು, ಅಂದರೆ ವಿದ್ಯೆ ಎಂದರು, ಆಮೇಲೆ ಅಷ್ಟೇ ಅಲ್ಲ ಎಂದರು.

ಅಷ್ಟೇ ಅಲ್ಲದಿದ್ದರೆ ಮತ್ತೇನು? ಎರಡು ದಿನ ಪೇಟೆ ಸುತ್ತಿದೆ, ಆ ಶಬ್ದ ಕಿವಿಗೆ ಬಿದ್ದಲ್ಲೆಲ್ಲ ನಿಂತೆ. ರೈಲು ಸ್ಟೇಶನ್ನಿನಲ್ಲಿ ಒಬ್ಬರು, ಎಜುಕೇಶನ್ ಇದ್ದಿದ್ದರೆ ತಮಗೂ ಕುರ್ಚಿ ಸಿಗುತ್ತಿತ್ತೆಂದು ಕೊರಗುತ್ತಿದ್ದರು. ಒಂದು ಕಟ್ಟೆಯ ಮೇಲೆ ಮದುವೆಯ ಮಾತು ನಡೆದಿತ್ತು. ವರನಿಗೆ ಹೊಲ ಎಷ್ಟು ಕೂರಿಗೆ ಎಂದು ಕೇಳಿದ ದನಿಯಲ್ಲೇ ಎಜುಕೇಶನ್ ಎಷ್ಟು ಎಂದೂ ಕೇಳಿದರು. ಮತ್ತೊಬ್ಬರ ತಮ್ಮನ ಎಜುಕೇಶನ್ ಹೋದ ವರ್ಷವೇ ಮುಗಿದಿತ್ತಂತೆ, ಊಟ ಮುಗಿದ ಹಾಗೆ. ಕೊಡುತ್ತಾರೆ, ಪಡೆಯುತ್ತಾರೆ, ಮುಗಿಸುತ್ತಾರೆ. ಆದರೆ ಏನು ಕಲಿತಿರಿ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ್ದು ನನಗೆ ಕೇಳಿಸಲಿಲ್ಲ. ಇವುಗಳಲ್ಲಿ ಯಾವ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ಆ ಸಾಲು ಬರೆದಿರಿ, ಸಾಹೇಬರೇ?

ತಪಾಸಣೆಯ ದಿನ ನೆನಪಿದೆಯೇ? ನಮ್ಮ ಮಕ್ಕಳಿಗೆ ಪಾಟಿಯಿಲ್ಲ, ಕಾಪಿ ಪುಸ್ತಕವಿಲ್ಲ. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ತಿದ್ದುತ್ತಾರೆ. ಅಕ್ಷರಕ್ಕೆ ಕಾಲು ತಾಗಬಾರದೆಂದು, ಏಳುವ ಮೊದಲು ಮರಳನ್ನು ಅಂಗೈಯಿಂದ ಸವರಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ರೂಢಿ. ತಾವು ಬರುವಿರೆಂದು ತಿಳಿದು ಮಕ್ಕಳು ನಸುಕಿನಲ್ಲೇ ಬಂದು ಪಾಠ ಮುಗಿಸಿದ್ದರು. ದೊಡ್ಡವರ ಬೂಟು ಅಕ್ಷರದ ಮೇಲೆ ಬಿದ್ದರೆ ಪಾಪ ಯಾರಿಗೆ? ಹಾಗೆಂದು ಮರಳನ್ನೆಲ್ಲ ನುಣ್ಣಗೆ ಸವರಿಸಿದೆ. ತಮಗೆ ಮರ್ಯಾದೆ ಮಾಡಲು ಹೋಗಿ ಇದ್ದೊಂದು ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದೆ. ಬರೆದದ್ದು ತೋರಿಸಿ ಎಂದಿರಿ. ಈಗಲೇ ಬರೆಸಿ ನೋಡಿ ಎಂದು ಬೇಡಿಕೊಂಡೆ. ತಾವು ಗಡಿಯಾರ ನೋಡಿದಿರಿ.

ಅಂದಿನಿಂದ ಶಾಲೆಯ ಪಡಸಾಲೆಯಲ್ಲಿ ನಾನೊಬ್ಬನೇ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಮಗ್ಗಿಯ ಸದ್ದಿನಲ್ಲಿ ಅದು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಈಗ ಬೆಳಗಾದರೆ ಯಾಕೆ ಏಳಬೇಕೆಂದು ಗೊತ್ತಾಗುವುದಿಲ್ಲ. ಆದರೂ ಎದ್ದು ಮರಳು ಹರವುತ್ತೇನೆ, ಬಾಗಿಲ ಕಡೆ ನೋಡುತ್ತ ಕೂಡುತ್ತೇನೆ. ಮಾತಾಡಿಸುವವರಿಲ್ಲದೆ ನನ್ನ ದನಿಯೇ ನನಗೆ ಮರೆತಂತಾಗಿದೆ.

ಲಾಲ್ ಅಹ್ಮದ್ ಸಾಹೇಬರು ಒಂದು ಉಪಾಯ ಹೇಳಿದ್ದರು: ನನ್ನಲ್ಲಿ ಕಲಿತ ಒಬ್ಬರನ್ನು ತಮ್ಮ ತಪಾಸಣೆ ಕಚೇರಿಗೆ ಕರೆತಂದು ತಮ್ಮೆದುರು ಓದಿಸುವುದು. ನನಗೆ ಕೂಡಲೇ ಶೇವಂತಾ ನೆನಪಾದಳು. ಅವಳ ಗಂಡ ಭೀಮಶಾ ಮುಂಬಯಿಯ ಗಿರಣಿಯಲ್ಲಿದ್ದಾನೆ. ಅವನ ಕಾಗದಗಳನ್ನು ನಾಲ್ಕು ವರ್ಷ ನಾನೇ ಅವಳಿಗೆ ಓದಿ ಹೇಳುತ್ತಿದ್ದೆ. ಆಮೇಲೆ ಅವಳು ಬಾಗಿಲ ಹೊರಗೆ ಕೂತು ಮಕ್ಕಳೊಂದಿಗೆ ತಿದ್ದತೊಡಗಿದಳು. ಒಂದು ದಿನ ಟಪಾಲಿನವನು ಅವಳ ಮನೆಗೆ ಹೋದದ್ದನ್ನು ಕಂಡು ಕನ್ನಡಕ ಒರೆಸಿಕೊಂಡು ಕೂತೆ. ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸಂತೋಷಕ್ಕಿಂತ ಮೊದಲು ಸಂಕಟವಾಯಿತು.

ಸಾಕ್ಷಿ ಹೇಳೆಂದು ಕೇಳಲು ಅವಳ ಮನೆಗೆ ಹೋದೆ. ಭೀಮಶಾನ ಒಂದು ಕಾಗದವನ್ನು ಸಾಹೇಬರ ಮುಂದೆ ಓದಿದರೆ ಸಾಕು, ಶಾಲೆ ಮತ್ತೆ ತೆರೆಯುತ್ತದೆ ಎಂದೆ.

“ಮಾಸ್ತರ್ರ, ನೀವು ಛಲೋ ಮಂದಿ,” ಎಂದಳು. “ಖರೇ, ನನ್ನ ಗಂಡ ನನಗ ಬರದ ಮಾತು ಮೊದಲ ನಿಮ್ಮ ಕಿವಿಗಿ ಬೀಳ್ತಿತ್ತು. ನನಗ ನಾಚಿಕಿ ಬರ್ತಿತ್ರೀ. ಅದಕ್ಕ ಕಲ್ತೀನಿ. ಈಗ ಕಚೇರ್ಯಾಗ ನಾಕ ಮಂದಿ ಮುಂದ ಓದಂದ್ರ ಹ್ಯಾಂಗ ಓದ್ಲಿ?”

ನಾನು ಎದ್ದು ಬಂದೆ. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳು ಕಲಿತದ್ದೇ ನನ್ನಂಥವರ ಕಿವಿಯನ್ನು ನಡುವಿನಿಂದ ತೆಗೆದುಹಾಕಲು. ತಮ್ಮ ಇಂಗ್ಲಿಷ್ ಶಬ್ದಕ್ಕೆ ಈ ಅರ್ಥವೂ ಇದೆಯೋ ಇಲ್ಲವೋ ನಾನರಿಯೆ. ಇದ್ದರೆ, ಅದನ್ನು ತಮ್ಮ ಮೇಜಿನ ಮೇಲೆ ತಂದಿಡಲು ನನ್ನಿಂದ ಸಾಧ್ಯವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಒಂದು ತಿಂಗಳ ಮಟ್ಟಿಗೆ ಶಾಲೆ ತೆರೆಯಲು ಅನುಮತಿ ಕೊಡಿ. ಆ ತಿಂಗಳಲ್ಲಿ ಯಾವುದಾದರೂ ಬೆಳಿಗ್ಗೆ ಮುಂಚಿತವಾಗಿ ತಿಳಿಸದೆ ಬನ್ನಿ, ಪಾಠದ ನಡುವೆಯೇ ಬನ್ನಿ. ಬೂಟು ಹೊರಗೆ ಬಿಟ್ಟು ಒಳಗೆ ಕೂತು ನೋಡಿ. ಆಮೇಲೆ ನಿಲ್ ಎಂದು ಬರೆಯುವ ಮನಸ್ಸಾದರೆ ಬರೆಯಿರಿ, ಅರ್ಥ ಕೇಳಲು ನಾನು ಕಲಬುರಗಿಗೆ ಹೋಗುವುದಿಲ್ಲ.

ಮತ್ತೊಂದು ಮಾತು. ಆ ಹೆಣ್ಣುಮಗಳ ಹೆಸರು ಶೇವಂತಾ ಅಲ್ಲ. ಅವಳ ಗಂಡನ ಹೆಸರನ್ನೂ ಅವನಿರುವ ಊರನ್ನೂ ಬದಲಿಸಿದ್ದೇನೆ. ಈ ಪತ್ರಿಕೆ ಕಮಲಾಪುರಕ್ಕೂ ಬರುತ್ತದೆ, ಅವಳು ಓದುತ್ತಾಳೆ.

ಇಂತಿ,
ತಮ್ಮ ವರದಿಯ ಪ್ರಕಾರ ಹನ್ನೆರಡು ವರ್ಷ ಏನನ್ನೂ ಕಲಿಸದ
ಅಣವೀರಪ್ಪ ಮಾಸ್ತರ
ಕಮಲಾಪುರ