ಅಪ್ಪ ಬರೆಯುತ್ತಿರುವ ಕೆರೆ ದಂಡೆ

ಮನೆಯಿಂದ,
ಸೆಪ್ಟೆಂಬರ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಮತ್ತೆ ಶುರುವಾಗಿದೆ ಎಂದು ಅತ್ತಿಗೆ ಹೇಳಿದರು. ಭಾರ ಎತ್ತಬೇಡ. ಬೇಡ ಅಂದದ್ದನ್ನೇ ಎತ್ತುವುದು ನಿನ್ನ ಹುಟ್ಟುಗುಣ, ಆದರೂ ಹೇಳುತ್ತಿದ್ದೇನೆ.

ಅಪ್ಪ ಗಟ್ಟಿಯಾಗಿದ್ದಾರೆ. ಮತ್ತೆ ಕುಂಚ ಹಿಡಿದಿದ್ದಾರೆ, ಆದರೆ ಅಂಗಡಿ ಬೋರ್ಡು ಬರೆಯುವುದಕ್ಕಲ್ಲ. ಒಂದು ಅಕ್ಷರದ ಕೊಂಬು ಕೂದಲೆಳೆಯಷ್ಟು ಓರೆಯಾದರೂ ಇಡೀ ಸಾಲು ಅಳಿಸುತ್ತಿದ್ದ ಅದೇ ಮನುಷ್ಯ, ಈಗ ಹಿಂದಿನ ಕೋಣೆಯ ಕಿಟಕಿಗೆ ಕ್ಯಾನ್ವಾಸ್ ಆನಿಸಿಕೊಂಡು ಹೊಲ, ಗುಡ್ಡ, ಕೆರೆ ಎಲ್ಲವನ್ನೂ ಎಣ್ಣೆಬಣ್ಣದಲ್ಲಿ ಮೆತ್ತುತ್ತಾರೆ. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ. ಬಾಗಿಲಲ್ಲಿ ನಿಂತು ನೋಡಿದರೆ ಪೈರು ಗಾಳಿಗೆ ಬಾಗುತ್ತದೆ, ನೀರು ಮಿನುಗುತ್ತದೆ. ನಾವು ಕುಡಿಯುವ ಕಾಫಿಗೂ ಟರ್ಪೆಂಟೈನ್ ವಾಸನೆ.

ಮೊದಲ ಚಿತ್ರದಲ್ಲೇ ಕೆರೆ ದಂಡೆಯ ಮೇಲೊಂದು ಕೆಂಪು ಗೀರಿತ್ತು. ಕೈತಪ್ಪಿ ಬಿದ್ದ ಬಣ್ಣ ಎಂದುಕೊಂಡೆ. ಮುಂದಿನದರಲ್ಲಿ ಅದು ಕಾಲುದಾರಿಗೆ ಬಂದಿತ್ತು. ಆಮೇಲಿನದರಲ್ಲಿ ಹೊಲದ ನಡುವೆ. ಅಮ್ಮ ಆ ದಿನ ಹೊದ್ದು ಹೋದ ಶಾಲಿನ ಬಣ್ಣ, ಅಣ್ಣಾ. ಉಸಿರು ನಿಂತ ಅವಳನ್ನು ನೀರಿನಿಂದ ಎತ್ತಿ ತಂದವನು ನೀನು, ನಿನಗೆ ನಾನು ಹೇಳಬೇಕಿಲ್ಲ. ಅಪ್ಪ ಈ ಕಿಟಕಿಯಿಂದಲೇ ನೋಡುತ್ತಿದ್ದವರು, ನೀನು ನೀರಿಗೆ ಹಾರುತ್ತಲೇ ಕುಸಿದು ಬಿದ್ದು ಆಸ್ಪತ್ರೆ ಸೇರಿದರು. ಅವರು ಮನೆಗೆ ಬರುವಷ್ಟರಲ್ಲಿ ನೀನು ಊರು ಬಿಟ್ಟಿದ್ದೆ, ಮತ್ತೆ ಈ ಕಡೆ ಬರಲೇ ಇಲ್ಲ. ಮೊನ್ನೆ ಇಂಜೆಕ್ಷನ್ ಕೊಡಲು ಬಂದ ನರ್ಸ್, "ಇದೇನಜ್ಜಾ, ಹೂವಾ?" ಎಂದು ಕೇಳಿದಳು. ಅಪ್ಪ ಕುಂಚ ಒರೆಸುತ್ತಾ, "ನಮ್ಮನೆಯವಳು. ಹೋಗ್ತಾ ಇಲ್ಲ, ವಾಪಸ್ ಬರ್ತಾ ಇದಾಳೆ" ಅಂದರು. ನರ್ಸ್ ಆಮೇಲೆ ಕಿಟಕಿಗೆ ಬೆನ್ನು ಹಾಕಿ ಕೂರಲೇ ಇಲ್ಲ. ನಾನೂ ಅಷ್ಟೇ. ಸಂಜೆ ಕಿಟಕಿ ಮುಚ್ಚಿದರೆ ಅಪ್ಪ ಎದ್ದು ಹೋಗಿ ತೆರೆಯುತ್ತಾರೆ, "ದಾರಿ ಕಾಣ್ಬೇಕಲ್ಲ ಮಗಳೇ" ಎನ್ನುತ್ತಾರೆ. ಬುದ್ಧಿ ಮಂಕಾಗಿದೆ ಎನ್ನೋಣವೆಂದರೆ, ಪೇಪರಿನಲ್ಲಿ ಕಾಗುಣಿತದ ತಪ್ಪು ಹುಡುಕಿ ಬೈಯುವುದೇನೂ ಬಿಟ್ಟಿಲ್ಲ. ನಿನ್ನ ಫೋನ್ ಬಂದರೆ ಮಾತ್ರ ಈಗಲೂ ಕೈಯಾಡಿಸಿ ಒಳಗೆ ಹೋಗಿಬಿಡುತ್ತಾರೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಬೆನ್ನು ನೆಟ್ಟಗಿರಲಿ.

ನಿನ್ನ ಬಾಯಿಬಡುಕಿ ತಂಗಿ

ಅಣ್ಣಾ, ಲಕೋಟೆ ಅಂಟಿಸುವ ಮೊದಲು ಇಷ್ಟು: ಈಗಷ್ಟೇ ಒಳಗೆ ಹೋಗಿದ್ದೆ. ಕೆಂಪು ಗೀರಿನ ಪಕ್ಕ ಇನ್ನೊಂದು ಎದ್ದಿದೆ, ಉದ್ದನೆಯದು, ಕಡುನೀಲಿ. ಯಾರಪ್ಪಾ ಎಂದೆ. "ನಿನ್ನಣ್ಣ. ಅವಳ ಹಿಂದೇನೇ ಹಾರಿದ್ನಲ್ಲ. ಇಬ್ರೂ ಮೇಲೆ ಬರ್ಲಿಲ್ಲ" ಅಂದರು. ಇಷ್ಟು ವರ್ಷ ಅವರು ನಿನ್ನ ಫೋನ್ ಮುಟ್ಟದ್ದನ್ನು ಮುನಿಸು ಎಂದುಕೊಂಡಿದ್ದೆವಲ್ಲ. ಅವರು ನಿನಗಾಗಿ ಅತ್ತು ಮುಗಿಸಿದ್ದಾರೆ. ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ, ಫೋನಿನ ದನಿಯನ್ನೂ ನಂಬುವುದಿಲ್ಲ. ತಕ್ಷಣ ಹೊರಟು ಬಾ. ಹೊಲದ ಕಡೆಯಿಂದ ಬರಬೇಡ, ಮುಂಬಾಗಿಲಿನಿಂದ ಬಾ.