ದಯವಿಟ್ಟು ಬಟ್ಟೆ ಒಗೆಯಬೇಡಿ

ಸೋಮವಾರ, ಸಂಜೆ

ಬಾಯ್ಲರ್ ಮನೆಯ ಮಹಾಪ್ರಭುಗಳಿಗೆ,

ಹೊಗೆ ವಿರೋಧಿ ಹೋರಾಟ ಸಮಿತಿಯ ಅಧ್ಯಕ್ಷೆಯೂ ಕಾರ್ಯದರ್ಶಿಯೂ ಸದ್ಯಕ್ಕೆ ಏಕೈಕ ಸದಸ್ಯೆಯೂ ಆದ ನಿಮ್ಮ ಹೆಂಡತಿ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನನ್ನ ಕೆಮ್ಮೂ ಕ್ಷೇಮ.

"ಹೆಂಡತೀನ ಸುಮ್ಮನಿರಿಸು, ಇಲ್ಲಾಂದ್ರೆ ಅವಳನ್ನ ಬಿಟ್ಟು ಕ್ವಾರ್ಟರ್ಸಿಗೆ ಬಾ" ಎಂದು ಕಾರ್ಖಾನೆಯವರು ಹೇಳಿದಾಗ ನೀವು ಟ್ರಂಕು ಎತ್ತಿಕೊಂಡಿರಿ. ನನ್ನನ್ನು ಸುಮ್ಮನಿರಿಸುವುದಕ್ಕಿಂತ ಅದೇ ಸುಲಭವೆಂದು ಹೊಳೆಯಿತಲ್ಲ, ಆ ಬುದ್ಧಿಗೆ ನನ್ನ ಮೆಚ್ಚುಗೆಯಿದೆ.

ವಿಷಯಕ್ಕೆ ಬರುತ್ತೇನೆ. ತನಿಖಾಧಿಕಾರಿ ಬರುವ ದಿನ ನಿಮ್ಮ ಚಿಮಣಿ ಉಪವಾಸ ಮಾಡುತ್ತದೆ. ಅದಕ್ಕೇ ನೀವು ಹೋದ ಮೇಲೆ ನಮ್ಮ ಓಣಿಯವರೆಲ್ಲ ಬಿಳಿ ಬಟ್ಟೆಗಳನ್ನು ತಾರಸಿಯ ಮೇಲೆ ನೇತುಹಾಕಿ, ಒಗೆಯದೆ ಬಿಡತೊಡಗಿದೆವು. ಮಸಿಯೇ ಸಾಕ್ಷಿ ಹೇಳಲಿ ಎಂದು. ಆಮೇಲೆ ಒಬ್ಬರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಇನ್ನೊಬ್ಬರು ಮನೆ ಬದಲಿಸಿದರು, ಉಳಿದವರಿಗೆ ಬೇಸರ ಬಂತು. ಕೊನೆಗೆ ನನ್ನ ಹಗ್ಗವೊಂದೇ ಉಳಿಯಿತು.

ಮೊನ್ನೆ ಅಧಿಕಾರಿ ಬಂದರು. "ಕಣ್ಣಾರೆ ನೋಡಿ ಸಾರ್" ಎಂದು ಗತ್ತಿನಿಂದ ಮೇಲೆ ಕರೆದೊಯ್ದೆ. ನೋಡಿದರೆ ಹಾಸಿಗೆ ಬಟ್ಟೆ, ದಿಂಬಿನ ಕವರು ಎಲ್ಲ ಹಾಲಿನಂತೆ ಹೊಳೆಯುತ್ತಿವೆ! ಸಾಲದ್ದಕ್ಕೆ ನೀಲಿ ಬೇರೆ ಹಾಕಿದೆ. "ನಮ್ಮನೇಲೂ ಇಷ್ಟು ಬೆಳ್ಳಗಿಲ್ಲಮ್ಮ. ಯಾವ ಸೋಪು?" ಎಂದರು. "ಮಸಿ ಕಂಡುಬಂದಿಲ್ಲ" ಎಂದು ಬರೆದುಕೊಂಡು ಹೊರಟೇಬಿಟ್ಟರು.

ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. "ನಿನ್ನ ಗಂಡ ಕಣೇ! ನಿನ್ನೆ ನೀನು ಅರ್ಜಿ ಕೊಡೋಕೆ ಹೋಗಿದ್ದಾಗ ಬಂದಿದ್ದ. 'ಪಾಪ, ಒಗೆಯೋಕೂ ಪುರಸೊತ್ತಿಲ್ಲ ಅವಳಿಗೆ' ಅಂತ ಮೈಯೆಲ್ಲ ಒದ್ದೆ ಮಾಡ್ಕೊಂಡು ಉಜ್ಜುತ್ತಿದ್ದ" ಎಂದರು. ರೀ, ಮದುವೆಯಾದಾಗಿನಿಂದ ಒಂದು ಕರ್ಚೀಫು ಹಿಂಡಿದವರಲ್ಲ ನೀವು! ಪ್ರೀತಿ ಉಕ್ಕಲು ಬೇರೆ ದಿನವೇ ಸಿಗಲಿಲ್ಲವೇ?

ಅಜ್ಜಿಯ ಮೊಮ್ಮಗಳು ಉಸಿರಿಗೆ ಒದ್ದಾಡುತ್ತಿದ್ದಾಳೆ. ಅದನ್ನು ಹೇಳಿ ಗೋಗರೆದ ಮೇಲೆ ಅಧಿಕಾರಿ ಶುಕ್ರವಾರ ಇನ್ನೊಮ್ಮೆ ಬರಲು ಒಪ್ಪಿದ್ದಾರೆ. ಅದೇ ಕೊನೆಯಂತೆ. ಎಲ್ಲ ಬಟ್ಟೆಗಳನ್ನೂ ಮತ್ತೆ ನೇತುಹಾಕಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಒಗೆಯಬೇಡಿ.

ಬರಬೇಡಿ ಎಂದಲ್ಲ. ಬನ್ನಿ, ಬಂದು ಕೈಕಟ್ಟಿ ಕುಳಿತಿರಿ. ಸಮಿತಿಯ ಸಭೆಗೆ ಎರಡನೆಯವರೊಬ್ಬರು ಬೇಕು. ನಾನೇ ಮಾತಾಡಿ, ನಾನೇ ಚಪ್ಪಾಳೆ ತಟ್ಟಿ ಸಾಕಾಗಿದೆ.

ಸಮಿತಿಯ ಪರವಾಗಿ, ಸ್ವಂತದ ಪರವಾಗಿಯೂ,
ನಿಮ್ಮವಳು

ಮಡಿಚುವ ಮುನ್ನ: ಎಲ್ಲ ಬಟ್ಟೆಗಳನ್ನೂ ನೇತುಹಾಕಿದ್ದೇನೆ ಎಂದೆನಲ್ಲ, ಅದು ಸುಳ್ಳು. ನಿಮ್ಮ ದಿಂಬಿನ ಕವರು ಒಳಗೇ ಇದೆ, ನಿಮ್ಮ ದಿಂಬಿಗೇ ತೊಡಿಸಿದ್ದೇನೆ. ನೀವು ಕೈಯಾರೆ ಒಗೆದದ್ದನ್ನು ಮಸಿಗೆ ಕೊಡಲು ಮನಸ್ಸಾಗಲಿಲ್ಲ. ಸಮಿತಿಗೆ ಹೇಳಬೇಡಿ.