ಕೈಗೆ ಸಿಗುವ ಮನೆ

ಜೂನ್ 2, ಬೆಳಿಗ್ಗೆ 6.20

ಮನೆ ಓರಣವಾಗಿಡುವ ಪಣ ತೊಟ್ಟು ಇಪ್ಪತ್ತನೆಯ ದಿನ. ಎದ್ದ ತಕ್ಷಣ ಹಾಸಿಗೆ ಮಡಚಿದೆ. ಸಿಂಕ್ ಖಾಲಿ, ಮೇಜು ಖಾಲಿ. ಇವರ ಮುಖವೂ ಖಾಲಿ — ನಿನ್ನೆಯ ಪೇಪರ್ ಹುಡುಕುತ್ತಿದ್ದಾರೆ. ಓದಿದ ಪೇಪರಿಗೆ ಮನೆಯಲ್ಲಿ ಎರಡನೇ ದಿನ ಜಾಗವಿಲ್ಲ ಎಂಬುದು ಹೊಸ ಕಾನೂನು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ:

ತೆಗೆದಲ್ಲೇ ಇಡು, ತಡಕಾಟ ಬಿಡು.
ಒಂದು ಒಳಗೆ ಬಂದರೆ ಒಂದು ಹೊರಗೆ. ಇಲ್ಲದಿದ್ದರೆ ನೀನೇ ಹೊರಗೆ.

ಎರಡನೆಯದನ್ನು ಓದಿ ಮಗಳು, "ಅಮ್ಮಾ, ಇದು ಮನೆನೋ ಹಾಸ್ಟೆಲ್ಲೋ?" ಅಂದಳು. ಅನ್ನಲಿ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುತ್ತಿರುವವಳು ನಾನು. ಯಾವ ಸಿರಿಂಜ್ ಯಾವ ರ‍್ಯಾಕಿನಲ್ಲಿ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಮೂರು ಕೋಣೆಯ ಮನೆ ಯಾವ ಲೆಕ್ಕ.

ಜೂನ್ 4, ಭಾನುವಾರ

ಇವತ್ತು ಹಾಲ್. ಅತ್ತೆಗೋಸ್ಕರ. ಎಪ್ಪತ್ತೆಂಟು ಅವರಿಗೆ. ಬೆಳಕು-ನೆರಳು ಬಿಟ್ಟರೆ ಕಣ್ಣಿಗೆ ಇನ್ನೇನೂ ತಿಳಿಯದು. ಆದರೂ ಬೆಳಗಿನ ಐದೂವರೆಗೆ ತಾವೇ ಅಡುಗೆಮನೆಗೆ ಹೋಗಿ ತಮ್ಮ ಟೀ ತಾವೇ ಮಾಡಿಕೊಳ್ಳಬೇಕು. ಯಾರೂ ಏಳಕೂಡದು, ಯಾರೂ ಕೈಹಾಕಕೂಡದು. ಹಾಲಿನ ತುದಿಯ ಅವರ ಮಂಚದಿಂದ ಅಲ್ಲಿಗೆ ಹೋಗುವ ದಾರಿಯಲ್ಲೋ... ಕಬ್ಬಿಣದ ಟ್ರಂಕು, ಬೆತ್ತದ ಕುರ್ಚಿ, ಹೊಲಿಗೆ ಮಿಷನ್ನು, ಇಸ್ತ್ರಿಗೆ ಕಾದಿರುವ ಬಟ್ಟೆಬುಟ್ಟಿ. ಎಡವಿ ಬಿದ್ದರೆ? ಓಡಾಡುವ ದಾರಿಯಲ್ಲಿ ಹುಲ್ಲುಕಡ್ಡಿಯೂ ಇರಬಾರದು — ಸ್ಟೋರಿನ ಮೊದಲ ಪಾಠ. ಎಲ್ಲವನ್ನೂ ಹಿಂದಿನ ಕೋಣೆಗೆ ಸಾಗಿಸಿದೆವು. ಸಂಜೆಯ ಹೊತ್ತಿಗೆ ಹಾಲ್ ರಾಜಬೀದಿ.

ಇವರು ಸೊಂಟ ಹಿಡಿದುಕೊಂಡು, "ಇನ್ನು ಉಳಿದಿರೋದು ನಾನೊಬ್ಬ. ನನ್ನನ್ನ ಎಲ್ಲಿಡ್ತೀಯ?"

"ಎಲ್ಲಿಂದ ತಗೊಂಡ್ನೋ ಅಲ್ಲೇ. ನಿಮ್ಮಮ್ಮನ ಹತ್ರ."

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. ಸುಸ್ತಾಗಿರಬೇಕು.

ಜೂನ್ 7

ಅತ್ತೆಗೆ ಮಂಡಿ ನೋವಂತೆ. ಮೂರು ದಿನದಿಂದ ಟೀ ನಾನೇ ಮಂಚಕ್ಕೆ ಒಯ್ಯುತ್ತಿದ್ದೇನೆ. ಎಣ್ಣೆ ಹಚ್ಚಿದೆ. ನಿನ್ನೆ ಎಡಮಂಡಿ ಅಂದಿದ್ದರು, ಇವತ್ತು ಬಲ.

ಮನೆ ಮಾತ್ರ ಕನ್ನಡಿ.

ಜೂನ್ 15

ಬರೆಯಲು ಮನಸ್ಸಿರಲಿಲ್ಲ. ಅತ್ತೆ ಈಗ ಬಚ್ಚಲಿಗೂ ಮೊಮ್ಮಗಳ ಕೈ ಹಿಡಿದೇ ಹೋಗುವುದು. ನಾದಿನಿಯ ಫೋನ್: "ಅತ್ತಿಗೆ, ನೀವು ಮೂವರೂ ಹೊರಗೆ ಹೋಗೋರು. ಅಮ್ಮ ಹೀಗೆ ಹಾಸಿಗೆ ಹಿಡಿದ್ರೆ ಒಬ್ಬಳನ್ನೇ ಬಿಡೋಕಾಗುತ್ತಾ? ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ."

ಅವಳ ತಪ್ಪೇನಿಲ್ಲ. "ಬೇಡ" ಎನ್ನಲು ನನ್ನ ಹತ್ತಿರ ಕಾರಣವಿಲ್ಲ, ಪ್ರಾಸವೂ ಇಲ್ಲ. ಅತ್ತೆ "ಆಗಲಿ" ಅಂದರು. ಮಡಚಿದ್ದ ಸೀರೆಯನ್ನೇ ಬಿಚ್ಚಿ ಬಿಚ್ಚಿ ಮಡಚುತ್ತಿದ್ದಾರೆ. ಹೋಗುವ ಮನಸ್ಸು ಒಂದಿಷ್ಟೂ ಇಲ್ಲ.

ಜೂನ್ 16, ಮಧ್ಯಾಹ್ನ

ಅರ್ಧ ದಿನ ರಜೆ ಹಾಕಿ ಬಂದೆ. ಬಾಗಿಲು ತೆಗೆದರೆ — ಹಾಲಿನ ನಟ್ಟನಡುವೆ ಅತ್ತೆ. ಎರಡೂ ಕೈ ಮುಂದೆ ಚಾಚಿ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಾರೆ. ಅಡುಗೆಮನೆ ಇರುವುದು ಬೆನ್ನ ಹಿಂದೆ.

"ಯಾರು?"

"ನಾನು ಅತ್ತೆ. ಮಂಡಿ ನೋವು ಅಂದಿದ್ರಲ್ಲ?"

"ಮಂಡಿಗೇನು ದಾಡಿ! ನೀರು ಕುಡಿಯೋಣ ಅಂತ ಹೊರಟೆ. ಹತ್ತು ಹೆಜ್ಜೆ ಆಯ್ತು, ಏನೂ ಸಿಕ್ತಾ ಇಲ್ಲ."

"ಏನು ಸಿಗಬೇಕಿತ್ತು?"

"ಟ್ರಂಕು ಕಣೆ! ಮಂಚದಿಂದ ಆರು ಹೆಜ್ಜೆಗೆ ಟ್ರಂಕು. ಅದರ ಮೂಲೆ ಸವರಿ ತಿರುಗಿದ್ರೆ ಕುರ್ಚಿ ಬೆನ್ನು. ಆಮೇಲೆ ಮಿಷನ್ನು, ಬುಟ್ಟಿ, ಬಾಗಿಲು. ಆ ಸಾಮಾನೆಲ್ಲ ನನ್ನ ಕೈ ಹಿಡಿದು ನಡೆಸ್ತಿತ್ತು. ನೀನು ಮೈದಾನ ಮಾಡಿಟ್ಟೆ. ಮೈದಾನದಲ್ಲಿ ನಾನು ಏನನ್ನ ಹಿಡ್ಕೊಳ್ಲಿ?"

"ಅವತ್ತೇ ಹೇಳೋದಲ್ವಾ ಅತ್ತೆ?"

"ನನಗೋಸ್ಕರ ಅಂತ ಬೆವರು ಸುರಿಸ್ತಿದ್ದೆ. ಯಾವ ಬಾಯಲ್ಲಿ ಹೇಳ್ಲಿ?"

ಸ್ಟೋರಿನಲ್ಲಿ ನನ್ನ ರ‍್ಯಾಕನ್ನು ಯಾರಾದರೂ ಮುಟ್ಟಿದರೆ ಆಕಾಶ-ಭೂಮಿ ಒಂದು ಮಾಡುವವಳು ನಾನು. ಅತ್ತೆಯ ರ‍್ಯಾಕ್ ಪೂರ್ತಿ ಕಿತ್ತು, ಮೇಲೊಂದು ಪದ್ಯ ಬೇರೆ ಬರೆದಿದ್ದೆ. ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಇಬ್ಬರೂ ನೀರು ಕುಡಿದೆವು.

ಜೂನ್ 17

ಸಾಮಾನೆಲ್ಲ ವಾಪಸ್. ಅತ್ತೆಯದೇ ಯಜಮಾನಿಕೆ. "ಕುರ್ಚಿ ಒಂದು ಗೇಣು ಈಚೆಗೆ ತಾರೋ. ನಿನ್ನ ಗೇಣಲ್ಲ, ನನ್ನ ಗೇಣು!" ಇವರು ಮತ್ತೆ ಸೊಂಟ ಹಿಡಿದುಕೊಂಡರು.

ನಾನೂ ಸುಮ್ಮನೆ ಸೋಲುವವಳಲ್ಲ. ಟ್ರಂಕಿನೊಳಗಿನ ಹರಕು ಕಂಬಳಿ, ಮುರಿದ ಕೊಡೆ ವಿಲೇವಾರಿ. ಬುಟ್ಟಿಯ ಬಟ್ಟೆಗೆ ಇಸ್ತ್ರಿ ಆಯಿತು. ಬುಟ್ಟಿ ಮಾತ್ರ ಅಲ್ಲೇ. ನಾಲ್ಕಕ್ಕೂ ನೆಲದ ಮೇಲೆ ಪೇಂಟಿನಲ್ಲಿ ಗುರುತು — ಗುಡಿಸುವಾಗ ಸರಿಸಿದವರು ಗೆರೆಗೇ ತಂದಿಡಬೇಕು. ಹೊಸ ಕಾನೂನು: ಸರಿಸಿದರೆ ಟ್ರಂಕು, ಮಾಡುವೆನು ಡೊಂಕು. ಏನನ್ನು ಎಂದು ಬರೆದಿಲ್ಲ.

ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅಮ್ಮ ಒಬ್ಬಳೇ ಹೋಗಿ ಟೀ ಮಾಡ್ಕೊಳ್ಳೋದನ್ನ ನಾನು ಕಣ್ಣಾರೆ ನೋಡ್ಬೇಕು ಅತ್ತಿಗೆ. ಇಲ್ಲಾಂದ್ರೆ ಕರ್ಕೊಂಡೇ ಹೋಗೋದು" ಅಂದಳು. ಸಂಜೆಯೇ ಬಂದಿಳಿದಳು.

ಜೂನ್ 18, ಭಾನುವಾರ, ಬೆಳಿಗ್ಗೆ 5.35

ಹಾಲಿನ ಮೂಲೆ. ಊಟದ ಮೇಜು. ನಾನು, ಪಕ್ಕದಲ್ಲಿ ನಾದಿನಿ. ಅತ್ತೆಗೆ ತಿಳಿಯದಂತೆ ಬಂದು ಕೂತಿದ್ದೇವೆ. ಕಿಟಕಿಯ ಬೆಳಕಿನಲ್ಲೇ ಗೀಚುತ್ತಿದ್ದೇನೆ.

ಮಂಚ ಕಿರ್ರೆಂದಿತು. ಹೆಜ್ಜೆ. ನಾಲ್ಕು, ಐದು, ಆರು — ಟ್ರಂಕಿನ ಮೇಲೆ ಅಂಗೈ. ತಿರುಗಿದರು. ಕುರ್ಚಿ. ನಾದಿನಿ ಎದ್ದಳು; ಸೆರಗು ಹಿಡಿದು ಕೂರಿಸಿದೆ. ಮಿಷನ್ನಿನ ಹತ್ತಿರ ನಿಂತರು... ಯಾಕೆ ನಿಂತರು... ಇಲ್ಲ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾರೆ. ಬುಟ್ಟಿ. ಬಾಗಿಲು.

ಒಳಗೆ ಹೋದರು.

ನಲ್ಲಿ. ಪಾತ್ರೆ. ಲೈಟರ್ ಎರಡು ಸಲ. ನಾದಿನಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

ಕಟ್ಟೆಯ ಮೇಲೆ ಲೋಟ ಇಟ್ಟ ಸದ್ದು. ಇನ್ನೊಂದು. ಮತ್ತೊಂದು.

ಮೂರು! ನಾವಿಬ್ಬರು ಇಲ್ಲಿ ಕೂತಿರುವುದು ಅತ್ತೆಗೆ ಹೇಗೆ —